ಇಬ್ಬರಿಗಷ್ಟೇ ಗೊತ್ತಿದ್ದ ಸುಳಿವು

ಬೀರುವಿನ ಮೇಲಿಂದ ರಟ್ಟನ್ನು ಇಳಿಸಿದಾಗ ಅದರ ಮೇಲೆ ಬೆರಳಿನಿಂದ ಹೆಸರು ಬರೆಯುವಷ್ಟು ಧೂಳು ಕೂತಿತ್ತು. ದೊಡ್ಡ ಸೊಸೆ ಅದನ್ನು ಕಿಟಕಿಯ ಬಳಿ ಒಯ್ದು ಒಣಬಟ್ಟೆಯಿಂದ ಹಗುರವಾಗಿ ಒರೆಸಿದಳು. ಒದ್ದೆಬಟ್ಟೆ ಮುಟ್ಟಿಸಿದ್ದರೆ ಮಾವನ ಶಾಯಿ ಕದಡಿ ಹೋಗುತ್ತಿತ್ತು. ಗೋಡೆಗಡಿಯಾರವೊಂದು ಬಂದಿದ್ದ ಪೆಟ್ಟಿಗೆಯ ಮುಚ್ಚಳ ಅದು. ಒಳಮೈಯಲ್ಲಿ ಮಾವ ದುಂಡಗಿನ ಅಕ್ಷರಗಳಲ್ಲಿ 'ಪದ ಹೇಳಿಸುವ ಆಟದ ನಿಯಮಗಳು' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು.

ಮಾವ ಗಡಿಯಾರ ರಿಪೇರಿಯವರು. ನಲವತ್ತು ವರ್ಷ ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಕೂದಲೆಳೆಯಂಥ ಸ್ಪ್ರಿಂಗುಗಳನ್ನು ಚಿಮುಟದಲ್ಲಿ ಎತ್ತಿಟ್ಟವರು. ಆಟವಾದರೇನು, ಅಳತೆ ತಪ್ಪಿದರೆ ಅವರಿಗೆ ಸೇರದು. ಆಟ ಸುಲಭದ್ದೇ. ಇಬ್ಬಿಬ್ಬರ ಜೋಡಿ. ಒಬ್ಬರು ಚೀಟಿ ಎತ್ತಿ, ಅದರಲ್ಲಿರುವ ಪದವನ್ನು ಹೇಳದೆ ಬರೀ ಸುಳಿವು ಕೊಡಬೇಕು; ಜೊತೆಯವರು ಒಂದು ನಿಮಿಷದೊಳಗೆ ಆ ಪದ ಹೇಳಬೇಕು. ಹೇಳಿದರೆ ಒಂದು ಅಂಕ. ಚೀಟಿ ಬರೆಯುವವರೂ ಮಾವ, ತೀರ್ಪುಗಾರರೂ ಮಾವ. ಎದುರಿಗೆ ಸೆಕೆಂಡು ಮುಳ್ಳಿನ ಟೈಂಪೀಸು, ಪಕ್ಕದಲ್ಲಿ ಅಂಗಡಿಯ ಕೌಂಟರಿನಿಂದ ತಂದ, ಮೇಲಿಂದ ಒತ್ತುವ ಗಂಟೆ. ಸುಳಿವು ನಿಯಮ ಮೀರಿತೋ, ಠಣ್!

ಒಂದೊಂದು ನಿಯಮದ ಹಿಂದೆಯೂ ಒಬ್ಬೊಬ್ಬ ಅಪರಾಧಿ ಇದ್ದ. 'ಪದವನ್ನಾಗಲಿ ಪದದ ತುಂಡನ್ನಾಗಲಿ ಹೇಳಬಾರದು' ಎಂಬ ಮೊದಲನೆಯದು ಮಾತ್ರ ಆಟದ ಜೊತೆಗೇ ಹುಟ್ಟಿದ್ದು. 'ಕೈಸನ್ನೆ ಕೂಡದು' ಎಂಬುದು ಅವಳ ಗಂಡನಿಗಾಗಿ. ಶಾಲಾ ಬಸ್ಸಿನ ಡ್ರೈವರ್ ಆತ. ವಾರವಿಡೀ ಸ್ಟೀರಿಂಗ್ ತಿರುಗಿಸಿದ ಕೈಗಳು ಭಾನುವಾರ ಸುಮ್ಮನಿರಲಾರವು. 'ಆನೆ' ಎಂಬ ಚೀಟಿ ಬಂದರೆ ಬಾಯಿ ತೆರೆಯುವ ಮೊದಲೇ ತೋಳು ಸೊಂಡಿಲಾಗುತ್ತಿತ್ತು. ಕೊನೆಗೆ ಮಾವ 'ಅಂಗೈಗಳ ಮೇಲೆ ಕೂತು ಸುಳಿವು ಕೊಡತಕ್ಕದ್ದು' ಎಂದು ಪಕ್ಕದಲ್ಲಿ ಸೇರಿಸಿದರು. 'ಹುಬ್ಬು ಹಾರಿಸಬಾರದು' ಎಂಬುದು ಮೈದುನನ ಕೊಡುಗೆ. 'ಕೋಣೆಯಲ್ಲಿರುವ ವಸ್ತುವನ್ನು ನೋಡುತ್ತ ನಿಲ್ಲಬಾರದು' ಎಂಬುದೂ ಅವನದೇ; 'ಕುರ್ಚಿ' ಬಂದಾಗ ಎದ್ದು ನಿಂತು, ತಾನು ಕೂತಿದ್ದ ಕುರ್ಚಿಯನ್ನೇ ದಿಟ್ಟಿಸಿ ಕೆಮ್ಮಿದ್ದ. ಐದನೆಯದು, ಬೇರೆ ಭಾಷೆಯಲ್ಲಿ ಹೇಳಬಾರದು ಎಂದು.

ಆರನೆಯದನ್ನು ಕೆಂಪು ಶಾಯಿಯಲ್ಲಿ ಬರೆದಿತ್ತು. ಅದಕ್ಕೆ ಅಪರಾಧಿಗಳು ಇಬ್ಬರು, ದೊಡ್ಡ ಸೊಸೆ ಮತ್ತು ಗುಂಡುಸೂಜಿ.

ಗುಂಡುಸೂಜಿ ಎಂದರೆ ಮೈದುನನ ಹೆಂಡತಿ, ಅವಳ ಓರಗಿತ್ತಿ. ಆ ಹೆಸರಿಟ್ಟವರೂ ಮಾವನೇ. ಆಳು ಗಿಡ್ಡ, ಮಾತು ಚೂಪು. ರೈಲು ನಿಲ್ದಾಣದ ವಿಚಾರಣೆಯ ಕಿಂಡಿಯಲ್ಲಿ ಕೂತು ದಿನವೆಲ್ಲ ಊರವರಿಗೆಲ್ಲ ಉತ್ತರ ಕೊಟ್ಟು ಬಂದರೂ ಅವಳ ಬಾಯಿ ದಣಿಯುತ್ತಿರಲಿಲ್ಲ. ಆಟದಲ್ಲಿ ಅವರಿಬ್ಬರದು ಸದಾ ಒಂದೇ ಜೋಡಿ. ಒಬ್ಬಳು 'ಮಂಗಳವಾರದ ಮುದುಕ' ಎಂದರೆ ಇನ್ನೊಬ್ಬಳು 'ಬೆಲ್ಟು' ಎನ್ನುವಳು. 'ಹಸಿರು ಬಾಗಿಲು' ಎಂದರೆ 'ಬಿಕ್ಕಳಿಕೆ'. ಸೆಕೆಂಡು ಮುಳ್ಳು ಮೂರು ಹೆಜ್ಜೆ ಇಡುವುದರೊಳಗೆ ಅಂಕ ಕಿಸೆಗೆ. ಗಂಡಸರಿಬ್ಬರೂ ಬಾಯಿಬಾಯಿ ಬಿಡುತ್ತಿದ್ದರು.

"ಇದು ಆಟ ಅಲ್ಲ ಅತ್ತಿಗೆ, ಕಳ್ಳಸಾಗಣೆ!" ಎಂದು ಮೈದುನ ಒಂದು ದಿನ ಚೀಟಿಗಳನ್ನು ಎಸೆದೇಬಿಟ್ಟ. "ಮುದುಕನಿಗೂ ಬೆಲ್ಟಿಗೂ ಏನ್ರೀ ಸಂಬಂಧ?"

"ಅದು ನಮ್ಮ ಸಂಬಂಧ. ನಿಮಗ್ಯಾಕೆ?" ಎಂದಿದ್ದಳು ಗುಂಡುಸೂಜಿ.

ಮಾವ ಆ ಸಂಜೆಯೇ ಕೆಂಪು ಶಾಯಿ ತೆಗೆದರು. 'ಇಬ್ಬರಿಗಷ್ಟೇ ಗೊತ್ತಿರುವುದು ಸುಳಿವಲ್ಲ. ಇವತ್ತೇ ಈ ಮನೆಗೆ ಬಂದವರಿಗೂ ಎಟುಕುವಂತಿರಬೇಕು. ತಪ್ಪಿದವರು ಅಂಕ ಬಿಟ್ಟುಕೊಟ್ಟು, ಆ ಗುಟ್ಟಿನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಎಲ್ಲರೆದುರು ಹೇಳತಕ್ಕದ್ದು.'

ಗುಟ್ಟು ಬಿಟ್ಟುಕೊಡಲು ಇಬ್ಬರಿಗೂ ಮನಸ್ಸಿರಲಿಲ್ಲ. ಅಂದಿನಿಂದ ನಾಲಿಗೆ ಬಿಗಿಹಿಡಿದು, ಶುದ್ಧ ಸುಳಿವುಗಳನ್ನು ಕೊಟ್ಟು ಆಡಿದರು. ಆಡಿದ್ದು ಎರಡೇ ಭಾನುವಾರ. ಮೂರನೆಯ ವಾರ ಗುಂಡುಸೂಜಿಗೆ ಜ್ವರ ಬಂತು. ಹದಿನಾಲ್ಕನೆಯ ದಿನ ಹೋಗಿಬಿಟ್ಟಳು, ಅಷ್ಟೇ. ಆಮೇಲೆ ಮಾವ ರಟ್ಟನ್ನು ಬೀರುವಿನ ಮೇಲೆ ಎತ್ತಿಟ್ಟರು. ಮೂರು ವರ್ಷ ಅದರ ಮಾತನ್ನು ಯಾರೂ ಎತ್ತಲಿಲ್ಲ.

ಈಗ ಎತ್ತಿದವನು ಮೈದುನ; ಆರು ತಿಂಗಳ ಹಿಂದೆ ಅವನಿಗೆ ಎರಡನೆಯ ಮದುವೆಯಾಗಿತ್ತು. ನಿನ್ನೆ ಶನಿವಾರ ಅವಳು ಶಾಲೆಯ ಸಮವಸ್ತ್ರದ ಕಾಲರುಗಳನ್ನು ಹೊಲಿಯುತ್ತಿದ್ದಾಗ ಬಂದು, ಮಷೀನಿನ ಪಕ್ಕ ನಿಂತು, ದಾರದ ಉಂಡೆಯೊಂದನ್ನು ಬಿಚ್ಚುತ್ತ ಸುತ್ತುತ್ತ ಇದ್ದ.

"ಅತ್ತಿಗೆ, ನಾವು ಬೇರೆ ಮನೆ ನೋಡಿದೀವಿ."

ಚಕ್ರದ ಮೇಲಿದ್ದ ಅವಳ ಕೈ ನಿಂತಿತು. "ಯಾಕಪ್ಪ? ಏನಾಯ್ತು?"

"ಏನೂ ಆಗಿಲ್ಲ. ಅದೇ ತೊಂದರೆ. 'ಎಲ್ಲರೂ ಒಳ್ಳೆಯವರೇ, ಆದ್ರೆ ನಾನು ಒಂದು ಲೋಟ ಎತ್ತಿಟ್ರೂ ಥ್ಯಾಂಕ್ಸ್ ಅಂತಾರೆ, ಆರು ತಿಂಗಳಾದ್ರೂ ನೆಂಟಳ ಥರ ಇದೀನಿ' ಅಂತಾಳೆ. ಅವಳ ಅಂಗಡಿ ಹಿಂದೇನೇ ಎರಡು ಕೋಣೆ ಇದೆ. ನಾಳೆ ಐದು ಗಂಟೆಗೆ ಬಂದು ಹೂಂ ಅಂತಲೋ ಉಹೂಂ ಅಂತಲೋ ಹೇಳ್ತೀವಿ ಅಂದಿದೀವಿ."

"ಕಡ್ಡಿ?"

"ಅವಳೂ ಬರ್ತಾಳಲ್ಲ."

ಕಡ್ಡಿ ಎಂದರೆ ಗುಂಡುಸೂಜಿಯ ಮಗಳು, ಹನ್ನೊಂದು ವರ್ಷದ ಸಣಕಲು ಹುಡುಗಿ. ಮೂರು ವರ್ಷದಿಂದ ದೊಡ್ಡಮ್ಮನ ಪಕ್ಕದಲ್ಲೇ ಮಲಗುತ್ತಿದ್ದಳು. ದೊಡ್ಡ ಸೊಸೆಗೆ ಸ್ವಂತ ಮಕ್ಕಳಿರಲಿಲ್ಲ. ಅವಳು ಕಾಲರಿನ ಮೂಲೆಯನ್ನು ಉಗುರಿನಿಂದ ನೀವಿದಳು.

ಮೈದುನನೇ ಮತ್ತೆ ಬಾಯಿಬಿಟ್ಟ. "ನಾಳೆ ಮಧ್ಯಾಹ್ನ ಆಟ ಇಟ್ಟುಕೊಳ್ಳೋಣವಾ? ನೀವು ಅವಳನ್ನ ಜೋಡಿ ಮಾಡ್ಕೊಂಡ್ರೆ… ನೀವು ಕರೆದ್ರೆ ಮಾತ್ರ ಬರ್ತಾಳೆ ಅತ್ತಿಗೆ."

ಗುಂಡುಸೂಜಿಯ ಜಾಗ ಅದು. ದೊಡ್ಡ ಸೊಸೆ ನಿಂತಿದ್ದ ಚಕ್ರವನ್ನು ಒಮ್ಮೆ ತಿರುಗಿಸಿದಳು. ಆದರೂ "ಆಯ್ತು" ಎಂದಳು.

ಹೊಸ ಓರಗಿತ್ತಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು, ಮೂಗಿನ ಮೇಲೆ ಕೂತ ಕನ್ನಡಕ ಯಾವ ಕಡೆ ವಾಲಿದೆ ಎಂದು ನೋಡುವುದು ಅವಳ ಉದ್ಯೋಗ. ಹಾಗಾಗಿಯೋ ಏನೋ ಎದುರಿಗಿದ್ದವರ ಮುಖವನ್ನು ಬಹಳ ಗಮನವಿಟ್ಟು ನೋಡುತ್ತಿದ್ದಳು, ಮಾತು ಮಾತ್ರ ಅಳೆದು ಸುರಿದ ಹಾಗೆ. ಪ್ರತಿ ಭಾನುವಾರ ಊಟವಾದ ಕೂಡಲೇ "ಸ್ವಲ್ಪ ಬಟ್ಟೆ ಒಗೆಯೋದಿದೆ" ಎಂದು ಮಹಡಿ ಹತ್ತುವವಳು, ಇವತ್ತು ದೊಡ್ಡ ಸೊಸೆ "ಬನ್ನಿ, ನನಗೆ ಜೋಡಿ ಬೇಕು" ಎಂದಾಗ ಕೈ ಒರೆಸಿಕೊಂಡು ಬಂದು ಕುರ್ಚಿಯ ತುದಿಯಲ್ಲಿ ಕೂತಳು.

ಮಾವ ರಟ್ಟನ್ನು ಗೋಡೆಗೆ ಒರಗಿಸಿ, ಆರೂ ನಿಯಮಗಳನ್ನು ನ್ಯಾಯಾಲಯದಲ್ಲಿ ಓದಿದ ಹಾಗೆ ಓದಿದರು. ಹೊಸಬಳು ಆನೆಯ ಕಥೆ ಕೇಳಿ ನಕ್ಕಳು. ಆರನೆಯದಕ್ಕೆ ಬರುವಾಗ ಮಾವನ ದನಿ ಸ್ವಲ್ಪ ಇಳಿಯಿತು. ಕಡ್ಡಿ ಆಡುವುದಿಲ್ಲವೆಂದು ಮೂತಿ ತಿರುಗಿಸಿ ಕಿಟಕಿಯ ಕಟ್ಟೆಯ ಮೇಲೆ ಕಾಲು ಮಡಚಿ ಕೂತಿದ್ದಳು.

ಗಂಡಸರ ಜೋಡಿ ಭರದಿಂದ ಶುರು ಮಾಡಿತು. "ಮಕ್ಕಳು ಬಸ್ಸಲ್ಲಿ ಇದನ್ನ ಮರೆತು ಇಳೀತಾರೆ!" "ಟಿಫಿನ್ ಡಬ್ಬಿ!" "ಇನ್ನೊಂದು!" "ಸ್ವೆಟರು!" "ಹಾಂ!" ಮೂರು ಚೀಟಿಗೆ ಮೂರು ಅಂಕ.

ಈ ಕಡೆ ಸೊನ್ನೆ. ದೊಡ್ಡ ಸೊಸೆ ಒಳ್ಳೆಯ ಸುಳಿವುಗಳನ್ನೇ ಕೊಡುತ್ತಿದ್ದಳು, ಹೊಸಬಳು ಬಾಯಿಯವರೆಗೆ ಬಂದದ್ದನ್ನು ನುಂಗುತ್ತಿದ್ದಳು.

"ಗೊತ್ತಿತ್ತು ಅಕ್ಕ. ತಪ್ಪಾದ್ರೆ ಅಂತ…"

"ತಪ್ಪು ಹೇಳೋಕೇ ಅಲ್ವೇನ್ರೀ ಈ ಆಟ ಇರೋದು? ನಿಮ್ಮ ಭಾವನವರನ್ನ ನೋಡಿ, ಒಂದು ಸರಿ ಹೇಳೋಕೆ ಹತ್ತು ತಪ್ಪು ಹೇಳ್ತಾರೆ, ನಾಚಿಕೇನೇ ಇಲ್ಲ."

"ಮರ್ಯಾದೆಯಿಂದ ಸೋಲೊಪ್ಪಿಕೊಳ್ಳೇ," ಎಂದ ಗಂಡ ಅಂಗೈಗಳ ಮೇಲೆ ಕೂತೇ.

ದೊಡ್ಡ ಸೊಸೆಗೆ ಕಷ್ಟವಾಗುತ್ತಿದ್ದುದು ಬೇರೆ. ಯಾವ ಚೀಟಿ ಬಿಚ್ಚಿದರೂ ಗುಂಡುಸೂಜಿಗೆ ಕೊಡುತ್ತಿದ್ದ ಸುಳಿವೇ ಮೊದಲು ನಾಲಿಗೆಯ ತುದಿಗೆ ಬರುತ್ತಿತ್ತು. ಅದನ್ನು ಒಳಗೆ ತಳ್ಳಿ, ಎಲ್ಲರಿಗೂ ಎಟುಕುವ ಇನ್ನೊಂದನ್ನು ಹುಡುಕುವುದರಲ್ಲಿ ಹತ್ತು ಸೆಕೆಂಡು ಹೋಗುತ್ತಿತ್ತು. ಬೀಗ ಹಾಕಿದ ಮನೆಯ ಮುಂದೆ ದಿನವೂ ಹಾದುಹೋಗುವಾಗ ಆಗುವಂಥ ಸಂಕಟ. ನಾಲ್ಕನೆಯ ಚೀಟಿ ಬಿಚ್ಚಿದಳು. 'ಫೋಟೋ' ಎಂದಿತ್ತು. ಟೈಂಪೀಸು ಟಿಕಟಿಕ ಎನ್ನುತ್ತಿತ್ತು. ತಡೆಯುವುದರೊಳಗೆ ಬಾಯಿ ತಾನಾಗಿ ಆಡಿತು.

"ನೀಲಿ ಬಕೆಟ್!"

"ನೀರು?" ಎಂದಳು ಹೊಸಬಳು. "ಸ್ನಾನ? ಒಗೆಯೋ ಬಟ್ಟೆ?"

"ಫೋಟೋ!" ಎಂದು ಕಿಟಕಿಯಿಂದ ಕಿರುಚಿದಳು ಕಡ್ಡಿ.

ಠಣ್.

ದೊಡ್ಡ ಸೊಸೆ ನಾಲಿಗೆ ಕಚ್ಚಿಕೊಂಡಳು. ಮಾವ ಗಂಟೆಯ ಮೇಲಿಂದ ಬೆರಳು ತೆಗೆಯಲು ಮರೆತವರಂತೆ ಕೂತಿದ್ದರು.

"ಯಾಕೆ ತಾತ?" ಕಡ್ಡಿ ಕಟ್ಟೆಯಿಂದ ಧುಮುಕಿದಳು. "ಸರಿಯಾಗೇ ಇದೆಯಲ್ಲ. ಅಮ್ಮನ ಸುಳಿವು ಅದು, ನಂಗೆ ಹೇಳಿದ್ಲು."

"ಆರನೇ ನಿಯಮ, ಕಂದ."

"ಅಮ್ಮನ ಸುಳಿವು ತಪ್ಪಾ ಹಾಗಾದ್ರೆ?"

ಗಂಡ ಅಂಗೈಗಳನ್ನು ಹೊರಗೆಳೆದು ಮೊಣಕಾಲು ಉಜ್ಜಿಕೊಂಡ. ಮೈದುನ ನೆಲ ನೋಡಿದ. ಹೊಸಬಳು ಕುರ್ಚಿಯ ತುದಿಯಿಂದ ಮೆಲ್ಲಗೆ ಎದ್ದು, "ನಾನು ಎಲ್ಲರಿಗೂ ಚಹಾ ಮಾಡ್ಕೊಂಡು ಬರ್ತೀನಿ," ಎಂದಳು. ಅವಳ ಮುಖದಲ್ಲಿ ಬೇಸರವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ತಪ್ಪಾದ ಮನೆಯ ಕದ ತಟ್ಟಿದವರು ಕ್ಷಮಿಸಿ ಎಂದು ಹೊರಡುವಾಗ ಇರುವಂಥ ಮುಖ. ಈಗ ಇವಳು ಅಡುಗೆಮನೆಗೆ ಹೋದರೆ ಚಹಾ ಬರುತ್ತದೆ, ಇವಳು ಬರುವುದಿಲ್ಲ. ಐದು ಗಂಟೆಗೆ ಆ ಎರಡು ಕೋಣೆಗಳಿಗೆ ಹೂಂ ಎನ್ನುತ್ತಾರೆ. ಇದು ದೊಡ್ಡ ಸೊಸೆಗೆ ಹಗಲಿನಷ್ಟು ಸ್ಪಷ್ಟವಾಗಿತ್ತು.

"ಕೂತ್ಕೋ," ಎಂದಳು.

ಆರು ತಿಂಗಳಲ್ಲಿ ಅವಳು ಹೊಸಬಳಿಗೆ 'ಬನ್ನಿ, ಹೋಗಿ' ಬಿಟ್ಟು ಮಾತಾಡಿದ್ದು ಅದೇ ಮೊದಲು. ಹೊಸಬಳು ಕೂತಳು.

"ದಂಡ ನಾನು ಕಟ್ಟಬೇಕಲ್ಲ. ಮಾವ, ಟೈಂಪೀಸು ನಿಲ್ಲಿಸಿ."

ನಿಲ್ಲಿಸಿ ಎಂದೇನೋ ಹೇಳಿದಳು, ಬಾಯಿ ಏಳಲಿಲ್ಲ. ಆ ಮಧ್ಯಾಹ್ನ ಅವಳದು ಮತ್ತು ಗುಂಡುಸೂಜಿಯದು. ಹೇಳಿಬಿಟ್ಟರೆ ಬಸ್ಸಿನಲ್ಲಿ ಪಕ್ಕ ಕೂತವರು ಕೇಳಿ ಮರೆಯುವಂಥ ಯಾವುದೋ ಒಂದು ಕಥೆಯಾಗಿಬಿಡಬಹುದು. ಹೇಳದಿದ್ದರೆ? ಹೇಳದಿದ್ದರೆ ಅದನ್ನು ಬಲ್ಲವಳು ತಾನೊಬ್ಬಳೇ, ಜೊತೆಗೆ ಅರ್ಧಂಬರ್ಧ ಬಲ್ಲ ಈ ಹುಡುಗಿ.

"ಒಂದು ಸಲ," ಎಂದು ಶುರು ಮಾಡಿದಳು, "ನಂಗೆ ಹಲ್ಲು ನೋವು ಅಂತ ಸುಳ್ಳು ಹೇಳಿ ನಾವಿಬ್ಬರೂ ಫೋಟೋ ತೆಗೆಸ್ಕೊಳ್ಳೋಕೆ ಹೋಗಿದ್ವಿ."

"ಸುಳ್ಳಾ?" ಎಂದ ಗಂಡ. "ನಾನು ಆವತ್ತು ಲವಂಗದ ಎಣ್ಣೆ ತಂದಿದ್ದೆ ಕಣೇ!"

"ತಂದಿದ್ರಿ. ಸುಮ್ನಿರಿ. ಸ್ಟುಡಿಯೋದವನು ಎಷ್ಟು ಸಲ ನಿಲ್ಲಿಸಿದ್ರೂ ಒಬ್ಬರ ಮುಖ ಬಂದ್ರೆ ಇನ್ನೊಬ್ಬರ ಬರೀ ತಲೆ ಬರ್ತಿತ್ತು. ಕೊನೆಗೆ ಒಳಗಿಂದ ಒಂದು ನೀಲಿ ಬಕೆಟ್ ತಂದು ಬೋರಲು ಹಾಕಿ, ಗಿಡ್ಡ ಇರೋರು ಇದರ ಮೇಲೆ ಹತ್ತಿ ಅಂದ."

"ನೀವು ಹತ್ತಿದ್ರಿ," ಎಂದಳು ಕಡ್ಡಿ.

"ನಾನಾ? ಹತ್ತಿದ್ದು ನಿಮ್ಮಮ್ಮ!"

"ಇಲ್ಲ ದೊಡ್ಡಮ್ಮ. ಅಮ್ಮ ಹೇಳಿದ್ಲು, ದೊಡ್ಡಮ್ಮ ಬಕೆಟ್ ಹತ್ತಿ ಮುರಿದುಹಾಕಿದ್ರು, ನಾನು ಹಿಡ್ಕೊಂಡೆ ಅಂತ."

ದೊಡ್ಡ ಸೊಸೆ ಕಣ್ಣರಳಿಸಿ ಕೂತುಬಿಟ್ಟಳು. ಬಾಗಿಲ ಚೌಕಟ್ಟಿಗೆ ತಲೆ ಬಗ್ಗಿಸಿ ನಡೆಯುವ ಹೆಂಗಸು ಅವಳು. "ನನ್ನ ಎತ್ತರಕ್ಕೆ ಬಕೆಟ್ ಬೇರೆ ಕೇಡಾ? ನಾನು ಹತ್ತಿದ್ರೆ ಫ್ಯಾನಿಗೆ ತಲೆ ಹೊಡೀತಿತ್ತು! ಸುಳ್ಳಿ! ಎಂಥಾ ಸುಳ್ಳಿ ನೋಡಿ ಮಾವ, ಮಗಳ ಹತ್ರಾನೂ…"

ಮಾತು ಮುಗಿಯುವ ಮೊದಲೇ ಅವಳಿಗೆ ನಗು ಬಂತು. ಮೂರು ವರ್ಷದ ಮೇಲೆ ಗುಂಡುಸೂಜಿ ಇನ್ನೊಂದು ಸಲ ಚುಚ್ಚಿ ಓಡಿಹೋಗಿದ್ದಳು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂದು, ಅದು ಯಾವ ನೀರು ಎಂದು ಅವಳಿಗೇ ತಿಳಿಯದಾಯಿತು.

"ಸಾಕ್ಷಿ ಇದೆಯಾ?" ಎಂದರು ಮಾವ ಗಂಭೀರವಾಗಿ.

ಇತ್ತು. ಹೊಲಿಗೆ ಮಷೀನಿನ ಖಾನೆಯಲ್ಲಿ, ಬಾಬಿನ್ನುಗಳ ಡಬ್ಬಿಯ ಅಡಿ, ಲಕೋಟೆಯೊಳಗೆ. ಕಡ್ಡಿ ಹಾರಿಹೋಗಿ ತಂದಳು. ಫೋಟೋದಲ್ಲಿ ದೊಡ್ಡ ಸೊಸೆ ಒಬ್ಬಳೇ ಇದ್ದಳು, ಬಾಯಿ ತೆರೆದು, ಪಕ್ಕಕ್ಕೆ ವಾಲಿ. ಗುಂಡುಸೂಜಿಯ ಪಾಲಿಗೆ ಬಂದಿದ್ದು ಒಂದು ಕೈ. ಬಕೆಟ್ ಬಿರುಕುಬಿಟ್ಟು ಬೀಳುವ ಗಳಿಗೆಯಲ್ಲಿ ಓರಗಿತ್ತಿಯ ಭುಜವನ್ನು ಹಿಡಿದ ಕೈ.

ಕಡ್ಡಿ ಅದನ್ನು ಬಹಳ ಹೊತ್ತು ನೋಡಿದಳು. ಮಾವ ಅವಳ ಹೆಗಲ ಮೇಲಿಂದ ಬಾಗಿದರು. "ಆ ಕೈಗಡಿಯಾರ ನೋಡು. ನಾನೇ ಕೂಡಿಸಿಕೊಟ್ಟದ್ದು. ದಿನಕ್ಕೆ ನಾಲ್ಕು ನಿಮಿಷ ಮುಂದೆ ಓಡ್ತಿತ್ತು. ಸರಿ ಮಾಡ್ತೀನಿ ಕೊಡು ಅಂದ್ರೆ, 'ಬೇಡ ಮಾವ, ರೈಲಿನವರಿಗೆ ಇದೇ ಸರಿ' ಅಂತಿದ್ಲು."

ಫೋಟೋ ಕೊನೆಗೆ ಹೊಸಬಳ ಕೈಗೆ ಬಂತು. ಅವಳು ಅಭ್ಯಾಸದಂತೆ ಬೆಳಕಿಗೆ ಹಿಡಿದು ಓರೆ ಮಾಡಿ ನೋಡಿದಳು. "ಎಷ್ಟು ಗಟ್ಟಿಯಾಗಿ ಹಿಡ್ಕೊಂಡಿದಾರೆ ಅಕ್ಕ. ನೋವಾಗಿರಬೇಕು."

"ಒಂದು ವಾರ ಹಸಿರುಗಟ್ಟಿತ್ತು." ಆ ಮಾತನ್ನು ಅವಳು ಈವರೆಗೆ ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ ಕೂಡ.

"ಈ ಕಡೆ ಅಂಕ ಇಲ್ಲ," ಎಂದು ಘೋಷಿಸಿದರು ಮಾವ. "ಮುಂದಿನವರು."

"ನಾನೂ ಆಡ್ತೀನಿ," ಎಂದಳು ಕಡ್ಡಿ. ಯಾರ ಜೋಡಿ ಎಂದೂ ಕೇಳದೆ ಹೊಸಬಳ ಎದುರು ಸ್ಟೂಲು ಎಳೆದುಕೊಂಡು, ಅಂಗೈಗಳನ್ನು ಅಡಿಗೆ ಹಾಕಿ ಕೂತಳು. ಚೀಟಿ ನೋಡಿ ಒಂದು ಗಳಿಗೆ ಯೋಚಿಸಿದಳು. ಆಮೇಲೆ ತಾತನ ಕಡೆ ಕಳ್ಳನೋಟ ಬೀರಿ ಹೇಳಿದಳು: "ಎಂಟನೇ ಪ್ಲಾಟ್‌ಫಾರ್ಮಿನ ಮೇಕೆ."

"ಅದೇನಾದ್ರೂ ರೈಲಿಗೆ ಸಂಬಂಧಪಟ್ಟದ್ದಾ?" ಎಂದಳು ಹೊಸಬಳು.

"ಅಲ್ಲ. ಗೊತ್ತಾಗಲ್ಲ ನಿಮಗೆ. ಅಮ್ಮಂದು ಅದು." ಹುಡುಗಿ ಗಂಟೆಯನ್ನೇ ನೋಡುತ್ತಿದ್ದಳು.

ಮಾವ ಅರ್ಥವಾದವರಂತೆ ಠಣ್ ಎನಿಸಿದರು. "ತಪ್ಪು! ದಂಡ!"

ಕಡ್ಡಿ ಕಾದಿದ್ದವಳಂತೆ ದಂಡ ಕಟ್ಟಿದಳು. ಅಮ್ಮನ ಕಿಂಡಿಗೆ ಬಂದು ಕಾಗದದ ಕಟ್ಟೊಂದನ್ನು ತಿಂದುಹಾಕಿದ ಮೇಕೆಯ ಕಥೆ. ಚೀಟಿಯಲ್ಲಿದ್ದ ಪದ 'ಸಮಯ', ತಿಂದದ್ದು ವೇಳಾಪಟ್ಟಿಯಂತೆ. ಆಮೇಲೆ ಮೈದುನ ಒಂದು ತಪ್ಪು ಮಾಡಿದ. ಅವನ ಕಥೆಯಲ್ಲಿ ಗುಂಡುಸೂಜಿ ಅವನನ್ನು ಮದುವೆಗೆ ಮುಂಚೆ ತಪ್ಪು ರೈಲಿಗೆ ಹತ್ತಿಸಿದ್ದಳು, ಹೇಳುವಾಗ ಒಮ್ಮೆ ನಿಲ್ಲಿಸಿ ಹೆಂಡತಿಯ ಮುಖ ನೋಡಿದ, ಅವಳು "ಹೂಂ, ಆಮೇಲೆ?" ಎಂದಳು. ದೊಡ್ಡ ಸೊಸೆ ಮಂಗಳವಾರದ ಮುದುಕನನ್ನು ಬಿಟ್ಟುಕೊಟ್ಟಳು. ಅಂಕಗಳನ್ನು ಯಾರು ಬರೆಯುತ್ತಿದ್ದರೋ, ಎಲ್ಲಿಗೆ ನಿಂತಿತೋ, ಯಾರಿಗೂ ಗಮನವಿರಲಿಲ್ಲ.

ಕಿಟಕಿಯ ಬಿಸಿಲು ಮೇಜಿನ ಕಾಲಿನ ಹತ್ತಿರ ಬಂದಾಗ ಸರದಿ ಹೊಸಬಳದಾಯಿತು. ಅವಳು ಚೀಟಿ ಬಿಚ್ಚಿ, ಓದಿ, ಮಡಚಿ ಮಡಿಲಲ್ಲಿಟ್ಟುಕೊಂಡಳು.

"ಮಹಡಿ ಮೇಲಿನ ಮಾಸ್ತರು," ಎಂದಳು.

ದೊಡ್ಡ ಸೊಸೆ ತಲೆ ಕೆರೆದುಕೊಂಡಳು. "ಪಾಠ? ಬೆತ್ತ?"

"ಉಹೂಂ."

"ಮೆಟ್ಟಿಲು? ಸೀಮೆಸುಣ್ಣ? ಇನ್ನೊಂದು ಸುಳಿವು ಕೊಡು."

"ಮಾಸ್ತರ ಹೆಂಡತಿ."

ಗಂಡ ಮುಂದೆ ಬಗ್ಗಿದ. ಕಡ್ಡಿ ಹಣೆ ಗಂಟಿಕ್ಕಿದಳು. ನಿಮಿಷ ಮುಗಿಯಿತು. ಹೊಸಬಳು ಚೀಟಿ ತಿರುಗಿಸಿ ತೋರಿಸಿದಳು. 'ಸೀಟಿ.'

"ಸೀಟಿ!" ಎಂದ ಗಂಡ. "ಬಾಯಲ್ಲಿಟ್ಟು ಊದೋದು ಅಂದಿದ್ರೆ ಮುಗಿದಿತ್ತಲ್ಲಮ್ಮ!"

ಅದು ದೊಡ್ಡ ಸೊಸೆಗೂ ಹೊಳೆದಿತ್ತು. ಅಷ್ಟು ಸುಲಭದ ಪದ. ಅವಳು ಹೊಸಬಳನ್ನು ನೋಡಿದಳು. ಹೊಸಬಳೂ ಅವಳನ್ನೇ ನೋಡುತ್ತಿದ್ದಳು, ಚೌಕಟ್ಟು ಸರಿಯಾಗಿ ಕೂತಿತೋ ಇಲ್ಲವೋ ಎಂದು ನೋಡುವ ಹಾಗೆ, ತುಟಿಯ ಒಂದು ಕೊನೆಯಲ್ಲಿ ಸಣ್ಣ ನಗು.

ಮಾವನ ಬೆರಳು ಗಂಟೆಯ ಮೇಲೆ ಅನುಮಾನಿಸಿತು. ಹೊಸ ಸೊಸೆಗೆ ದಂಡ ಹಾಕುವುದು ಹೇಗೆ ಎಂಬಂತೆ ದೊಡ್ಡವಳ ಕಡೆ ತಿರುಗಿದರು.

"ಒತ್ತಿ ಮಾವ," ಎಂದಳು ಅವಳು. "ಇವಳಿಗೆ ರಿಯಾಯಿತಿ ಯಾಕೆ?"

ಠಣ್!

ಮೈದುನ ಕೈಗಡಿಯಾರ ನೋಡಿ ಗಂಟಲು ಸರಿಮಾಡಿಕೊಂಡ. "ಐದಾಗ್ತಾ ಬಂತು. ಅವರು ಕಾಯ್ತಿರ್ತಾರೆ… ಹೊರಡೋಣವಾ?"

"ದಂಡ ಕಟ್ಟದೆ ಹೇಗ್ರೀ ಬರಲಿ?" ಎಂದಳು ಅವನ ಹೆಂಡತಿ. ಕುರ್ಚಿಯ ತುದಿಯಿಂದ ಹಿಂದಕ್ಕೆ ಸರಿದು, ಬೆನ್ನು ಒರಗಿಸಿ, ಕಾಲು ಮೇಲೆ ಮಡಚಿಕೊಂಡಳು. "ಫೋನ್ ಮಾಡಿ, ಬರಲ್ಲ ಅನ್ನಿ. ಬೇರೆಯವರಿಗೆ ಕೊಡಲಿ."

ಮೈದುನ ಅತ್ತಿಗೆಯ ಮುಖ ನೋಡಿದ, ಅಪ್ಪನ ಮುಖ ನೋಡಿದ, ಫೋನು ತೆಗೆದುಕೊಂಡು ಹಜಾರಕ್ಕೆ ಹೋದ.

"ನಮ್ಮ ಮನೆ ಮೇಲೆ ಒಬ್ಬ ಡ್ರಿಲ್ ಮಾಸ್ತರು ಬಾಡಿಗೆಗೆ ಇದ್ರು," ಎಂದು ಶುರು ಮಾಡಿದಳು ಹೊಸಬಳು. ಕಥೆ ಹೇಳಿ ರೂಢಿಯಿರಲಿಲ್ಲ ಅವಳಿಗೆ. ಮಧ್ಯದ್ದು ಮೊದಲು ಬಂತು, ಮೊದಲಿನದು ಮರೆತೇಹೋಯಿತು. "ಅವರ ಹೆಂಡತಿಗೆ ಗಂಟಲ ಆಪರೇಷನ್ ಆಗಿ ದನಿ ಹೋಗಿತ್ತು. ಒಂದು ಸೀಟಿ ಅಂದ್ರೆ ಊಟಕ್ಕೆ ಬನ್ನಿ. ಎರಡು ಅಂದ್ರೆ ಸಿಟ್ಟು ಬಂದಿದೆ. ನಾನೂ ನಮ್ಮ ಅಕ್ಕನೂ ಒಂದಿನ ಕೆಳಗೆ ನಿಂತು ಮೂರು ಸಲ… ಅಯ್ಯೋ ಇಲ್ಲ, ಅದಕ್ಕಿಂತ ಮುಂಚೆ ಅಕ್ಕ ಸೀಟಿ ಕದ್ದಿದ್ದು ಹೇಳಬೇಕು."

"ಮೊದಲಿಂದ ಹೇಳಿ ಆಂಟಿ," ಎಂದಳು ಕಡ್ಡಿ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತ. "ಮೊದಲಿನಿಂದ ಕೊನೆವರೆಗೆ ಅಂತ ನಿಯಮ ಇದೆ."

ದೊಡ್ಡ ಸೊಸೆ ಚಹಾಕ್ಕೆ ನೀರಿಡಲು ಎದ್ದವಳು ಬಾಗಿಲಲ್ಲೇ ನಿಂತಳು. "ನಾನು ಬರೋವರೆಗೂ ಮುಂದೆ ಹೇಳಬೇಡ ಕಣೇ," ಎಂದು ಕೂಗಿ, ಒಲೆ ಹೊತ್ತಿಸಲು ಓಡಿದಳು.